ಅರ್ಬುದದ ಗಡ್ಡೆಗೆ ರಕ್ತ ಹರಿಸುವವರು ಯಾರು?

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಬಂಧುಗಳು ನಮ್ಮಂಥ ಆಯುರ್ವೇದ ವೈದ್ಯರ ಬಳಿಗೆ ಬಂದು ಕೇಳುವ ಮೊದಲ ಮಾತು ಬಹುಮಟ್ಟಿಗೆ ಒಂದೇ: “ಡಾಕ್ಟರೇ, ರೋಗನಿರೋಧಕ ಶಕ್ತಿ ಹೆಚ್ಚಾಗುವಂಥದ್ದು ಏನಾದರೂ ಕೊಡ್ರಿ.” ಕೊರೊನಾ ಕಾಲದಲ್ಲಿ ಈ ಪದ ಹಳ್ಳಿಯ ಕಿರಾಣಿ ಅಂಗಡಿಯವರೆಗೂ ತಲುಪಿತು, ಈಗ ಎಲ್ಲ ರೋಗಕ್ಕೂ ಅದೇ ಉತ್ತರವೆಂಬ ಭಾವನೆ ಬೆಳೆದಿದೆ. ದೇಹದೊಳಗೆ ಒಂದು ಕಾವಲು ಪಡೆಯಿದೆ, ಅದು ಕುಂದಿದ್ದರಿಂದ ಗಡ್ಡೆ ಹುಟ್ಟಿತು, ಅದಕ್ಕೆ ಬಲ ತುಂಬಿದರೆ ಗಡ್ಡೆ ಕರಗುತ್ತದೆ ಎಂಬುದು ಕೇಳುವವರ ತರ್ಕ. ತರ್ಕವೇನೋ ನೇರವಾಗಿದೆ. ಆದರೆ ಗಡ್ಡೆಯೊಳಗೆ ನಡೆಯುವ ವ್ಯವಹಾರ ಅಷ್ಟು ನೇರವಾಗಿಲ್ಲ. ಅಲ್ಲಿ ಕಾವಲು ಪಡೆ ಇಲ್ಲದೆ ಇರುವುದಿಲ್ಲ. ಎಷ್ಟೋ ಗಡ್ಡೆಗಳಲ್ಲಿ ಅದು ಕಿಕ್ಕಿರಿದು ತುಂಬಿರುತ್ತದೆ. ಅದರಲ್ಲಿ ಒಂದು ಭಾಗ ಗಡ್ಡೆಯ ವಿರುದ್ಧ ಹೋರಾಡುತ್ತಿದ್ದರೆ, ಇನ್ನೊಂದು ಭಾಗ ಅದೇ ಗಡ್ಡೆಗೆ ರಕ್ತದ ಕಾಲುವೆ ತೋಡಿಕೊಡುತ್ತಿರುತ್ತದೆ. ಈ ಸಂಗತಿ ತಿಳಿಯದೆ “ಶಕ್ತಿ ಹೆಚ್ಚಿಸುವ” ಮದ್ದಿನ ಹಿಂದೆ ಹೋಗಿ ಆರು ತಿಂಗಳು, ಎಂಟು ತಿಂಗಳು ಕಳೆದುಕೊಂಡವರನ್ನು ನಾನು ಪ್ರತಿವರ್ಷವೂ ನೋಡುತ್ತಿರುವುದರಿಂದ ಈ ಬಾರಿ ಇದೇ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಮ್ಮ ಶಾಸ್ತ್ರದಿಂದಲೇ ಆರಂಭಿಸೋಣ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ಲಕ್ಷಣಗಳಿವೆ. ದುಂಡಾಗಿರುವುದು, ಅಲುಗದೆ ನಿಂತಿರುವುದು, ನೋವು ಕಡಿಮೆಯಿರುವುದು, ಆಳಕ್ಕೆ ಬೇರು ಬಿಡುವುದು, ನಿಧಾನವಾಗಿ ಬೆಳೆಯುವುದು ಮತ್ತು ಪಾಕವಾಗದಿರುವುದು. ಪಾಕವೆಂದರೆ ಹಣ್ಣಾಗುವುದು, ಕೀವು ಕಟ್ಟುವುದು. ವಿದ್ರಧಿ, ಅಂದರೆ ಕುರು, ಹಣ್ಣಾಗುತ್ತದೆ, ಒಡೆಯುತ್ತದೆ, ಮಾಯುತ್ತದೆ. ಅರ್ಬುದ ಹಣ್ಣಾಗುವುದಿಲ್ಲ. ಕಫ ಮತ್ತು ಮೇದಸ್ಸಿನ ಆಧಿಕ್ಯ, ದೋಷಗಳು ಒಂದೆಡೆ ಸ್ಥಿರವಾಗಿ ಗಂಟುಕಟ್ಟಿ ನಿಲ್ಲುವುದು ಇದಕ್ಕೆ ಕಾರಣವೆಂದು ಆಚಾರ್ಯರು ಹೇಳುತ್ತಾರೆ. ರಕ್ತಾರ್ಬುದದ ವರ್ಣನೆ ಇನ್ನೂ ಗಮನಾರ್ಹ. ದೋಷವು ರಕ್ತವನ್ನೂ ಸಿರೆಗಳನ್ನೂ ಆಕ್ರಮಿಸಿ ಮಾಂಸಪಿಂಡವನ್ನು ಎಬ್ಬಿಸುತ್ತದೆ, ಅದು ಮಾಂಸಾಂಕುರಗಳಿಂದ ತುಂಬಿ ಬೇಗನೆ ಬೆಳೆಯುತ್ತದೆ, ಎಡೆಬಿಡದೆ ರಕ್ತ ಸುರಿಯುತ್ತದೆ, ರೋಗಿ ರಕ್ತಕ್ಷಯದಿಂದ ಬಿಳಿಚಿಕೊಳ್ಳುತ್ತಾನೆ, ಇದು ಅಸಾಧ್ಯ. ಇದನ್ನು ಓದಿ “ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು” ಎಂದು ಭಾಷಣ ಮಾಡುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಕಣ್ಣಿಂದ ಕಂಡದ್ದನ್ನು, ಬೆರಳಿಂದ ಮುಟ್ಟಿ ತಿಳಿದದ್ದನ್ನು ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟದ್ದೇ ದೊಡ್ಡ ಸಾಧನೆ. ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಹಾಕುವುದು ಅವರಿಗೆ ತೋರುವ ಗೌರವವಲ್ಲ.

ಆದರೆ ಅವರು ಸ್ಪಷ್ಟವಾಗಿ ಹೇಳಿದ್ದನ್ನೂ ನಾವು ಕೇಳಿಸಿಕೊಂಡಿಲ್ಲ. ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದ ಒಬ್ಬ ತಾಯಿಗೆ ಸ್ತನದಲ್ಲಿ ನೆಲ್ಲಿಕಾಯಿಯಷ್ಟು ಗಂಟು ಕಾಣಿಸಿಕೊಂಡು ವರ್ಷವಾಗುತ್ತ ಬಂದಿತ್ತು. ನೋವಿಲ್ಲದ್ದರಿಂದ ಮೊದಲು ಸುಮ್ಮನಿದ್ದರು. ಆಮೇಲೆ ಯಾರೋ ಹೇಳಿದರೆಂದು ಗಂಟು ಹಣ್ಣಾಗಿ ಒಡೆಯಲೆಂದು ಅಗಸೆ ಬೀಜ, ಅರಿಶಿನ ಅರೆದು ಬಿಸಿ ಪಟ್ಟು ಹಾಕಿಕೊಂಡರು. ಅದೂ ಸಾಲದೆ ಚರ್ಮ ಸುಡುವ ಯಾವುದೋ ಲೇಪ. ನನ್ನಲ್ಲಿಗೆ ಬರುವಷ್ಟರಲ್ಲಿ ಚರ್ಮ ಒಡೆದು ಹುಣ್ಣಾಗಿತ್ತು, ಕಂಕುಳಲ್ಲಿ ಗಂಟುಗಳು ಕೈಗೆ ಸಿಗುತ್ತಿದ್ದವು. ಅರ್ಬುದ ಹಣ್ಣಾಗುವುದಿಲ್ಲವೆಂಬ ಒಂದು ವಾಕ್ಯವನ್ನು ನಾಟಿ ಮದ್ದು ಕೊಟ್ಟವನು ಎಲ್ಲಾದರೂ ಓದಿದ್ದರೆ ಆ ಎಂಟು ತಿಂಗಳು ಉಳಿಯುತ್ತಿತ್ತು.

ಏಕೆ ಹಣ್ಣಾಗುವುದಿಲ್ಲ? ಕುರುವಿನಲ್ಲಿ ಹೊರಗಿನ ಶತ್ರುವಿದೆ. ಸೂಕ್ಷ್ಮಜೀವಿ ಒಳಹೊಕ್ಕ ಕೂಡಲೇ ರಕ್ತದಿಂದ ಬಿಳಿಕಣಗಳು ಆ ಜಾಗಕ್ಕೆ ಧಾವಿಸುತ್ತವೆ, ನುಂಗುತ್ತವೆ, ತಾವೂ ಸಾಯುತ್ತವೆ. ಆ ಹೆಣಗಳ ರಾಶಿಯೇ ಕೀವು. ಬಿಳಿಕಣಗಳ ಈ ನುಂಗುವ ಗುಣವನ್ನು 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ರಷ್ಯದ ವಿಜ್ಞಾನಿ ಇಲ್ಯಾ ಮೆಕ್ನಿಕಾಫ್ ಕಂಡುಕೊಂಡರು. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿಟ್ಟು ಮರುದಿನ ನೋಡಿದಾಗ ಮುಳ್ಳಿನ ಸುತ್ತ ಚಲಿಸುವ ಕೋಶಗಳು ಮುತ್ತಿಗೆ ಹಾಕಿದ್ದವು. 1908ರ ನೊಬೆಲ್ ಪ್ರಶಸ್ತಿಯನ್ನು ಅವರು ಪಾಲ್ ಎರ್ಲಿಕ್ ಅವರೊಂದಿಗೆ ಹಂಚಿಕೊಂಡರು. ಅರ್ಬುದದಲ್ಲಿ ಹಾಗೆ ಹೊರಗಿನ ಮುಳ್ಳಿಲ್ಲ. ಅಲ್ಲಿರುವುದು ದಾರಿ ತಪ್ಪಿದ ನಮ್ಮದೇ ಕೋಶ. ಕಾವಲಿನವರು ಬರುತ್ತಾರೆ, 1863ರಷ್ಟು ಹಿಂದೆಯೇ ಜರ್ಮನಿಯ ರುಡಾಲ್ಫ್ ವಿರ್ಕೊ ಗಡ್ಡೆಗಳೊಳಗೆ ಬಿಳಿಕಣಗಳನ್ನು ಕಂಡಿದ್ದರು. ಬಂದವರು ಯುದ್ಧ ಮಾಡಿ ಸಾಯುವ ಬದಲು ಅಲ್ಲಿಯೇ ಬಿಡಾರ ಹೂಡುತ್ತಾರೆ. ಅವರು ಅಲ್ಲಿ ಏನು ಮಾಡುತ್ತಾರೆಂಬುದು ತಿಳಿಯಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು, ಮತ್ತು ಅದರ ಸುಳಿವು ಬಂದದ್ದು ರಕ್ತನಾಳದ ಕಡೆಯಿಂದ.

ಗುಂಡುಸೂಜಿಯ ತಲೆಯಷ್ಟಕ್ಕೆ ನಿಂತ ಗಡ್ಡೆ

1960ರ ದಶಕದ ಆರಂಭ. ಅಮೆರಿಕದ ಬೆಥೆಸ್ಡಾದ ನೌಕಾಪಡೆ ವೈದ್ಯಕೀಯ ಕೇಂದ್ರದಲ್ಲಿ ಜೂಡಾ ಫೋಕ್‌ಮನ್ ಎಂಬ ತರುಣ ಶಸ್ತ್ರವೈದ್ಯರಿಗೆ ಬೇರೆಯದೇ ಕೆಲಸ ವಹಿಸಲಾಗಿತ್ತು. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗುಗಳಲ್ಲಿ ರಕ್ತವನ್ನು ಕಾಪಿಡುವುದು ಕಷ್ಟ. ಅದಕ್ಕೆ ಬದಲಾಗಿ ಬಳಸಬಹುದಾದ ದ್ರವವೊಂದನ್ನು ಪರೀಕ್ಷಿಸಬೇಕಿತ್ತು. ಅವರೂ ಸಹೋದ್ಯೋಗಿ ಫ್ರೆಡರಿಕ್ ಬೆಕರ್ ಅವರೂ ಪ್ರಾಣಿಯ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ಆ ದ್ರವವನ್ನು ಹರಿಸಿ ಬದುಕಿಸಿ, ಅದರೊಳಗೆ ಇಲಿಯ ಕ್ಯಾನ್ಸರ್ ಕೋಶಗಳನ್ನು ಸೇರಿಸಿದರು. ಕೋಶಗಳು ಬೆಳೆದವು, ಗುಂಡುಸೂಜಿಯ ತಲೆಯಷ್ಟಾದವು, ಅಲ್ಲಿಗೆ ನಿಂತವು. ಸತ್ತಿರಲಿಲ್ಲ; ಅವನ್ನೇ ತೆಗೆದು ಇಲಿಯ ಮೈಯೊಳಗೆ ಇಟ್ಟಾಗ ಭರದಿಂದ ಬೆಳೆದವು. ಎರಡರ ನಡುವಿನ ವ್ಯತ್ಯಾಸವೇನು? ಇಲಿಯ ಮೈಯಲ್ಲಿ ಗಡ್ಡೆಯೊಳಗೆ ಹೊಸ ರಕ್ತನಾಳಗಳು ಮೂಡಿದ್ದವು. ಗಾಜಿನ ಪಾತ್ರೆಯ ಗಡ್ಡೆಯಲ್ಲಿ ಒಂದೂ ಇರಲಿಲ್ಲ.

ಫೋಕ್‌ಮನ್ ಯಹೂದಿ ಧರ್ಮಗುರುವೊಬ್ಬರ ಮಗ. ಬಾಲ್ಯದಲ್ಲಿ ತಂದೆ ಆಸ್ಪತ್ರೆಗಳಿಗೆ ಹೋಗಿ ರೋಗಿಗಳ ಬಳಿ ಪ್ರಾರ್ಥಿಸುವಾಗ ಜೊತೆಯಲ್ಲಿ ಹೋಗುತ್ತಿದ್ದವರು, ಪ್ರಾರ್ಥನೆಯ ಜೊತೆಗೆ ಚಿಕಿತ್ಸೆಯನ್ನೂ ಮಾಡುವ ಆಸೆಯಿಂದ ವೈದ್ಯರಾದರು. 1971ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಅವರು ಒಂದು ವಿಚಾರವನ್ನು ಮುಂದಿಟ್ಟರು: ಗಡ್ಡೆ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಬೇಕಾದರೆ ಅದಕ್ಕೆ ಹೊಸ ರಕ್ತನಾಳಗಳು ಬೇಕು, ಅವನ್ನು ಕರೆಯಲು ಗಡ್ಡೆ ಯಾವುದೋ ದ್ರವ್ಯವನ್ನು ಹೊರಬಿಡುತ್ತದೆ, ಆ ದ್ರವ್ಯವನ್ನು ತಡೆದರೆ ಗಡ್ಡೆಯನ್ನು ಕಟ್ಟಿಹಾಕಬಹುದು. ಆ ಕಾಲದ ದೊಡ್ಡವರು ಇದನ್ನು ಹಗುರವಾಗಿ ಕಂಡರು. ಗಡ್ಡೆಯ ಸುತ್ತಲಿನ ಕೆಂಪು ಬರಿಯ ಉರಿಯೂತ, ಅದರಲ್ಲಿ ವಿಶೇಷವೇನಿಲ್ಲ ಎಂಬುದು ಅವರ ಆಕ್ಷೇಪ. ಈ ಆಕ್ಷೇಪವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಫೋಕ್‌ಮನ್ ಅವರ ಗುಂಪು ಮೊಲದ ಕಣ್ಣಿನ ಮೇಲೆ ಪ್ರಯೋಗ ನಡೆಸಿತು. ಕಣ್ಣಿನ ಕರಿಗುಡ್ಡೆಯ ಮೇಲಿರುವ ಪಾರದರ್ಶಕ ಪಟಲದಲ್ಲಿ ರಕ್ತನಾಳವೇ ಇಲ್ಲ. ಅಲ್ಲಿ ಗಡ್ಡೆಯ ಒಂದು ಸಣ್ಣ ತುಣುಕನ್ನಿಟ್ಟರೆ, ಕೆಲವೇ ದಿನಗಳಲ್ಲಿ ಕಣ್ಣಿನ ಅಂಚಿನಿಂದ ನಾಳಗಳು ಚಿಗುರಿ, ತುಣುಕು ಇರುವ ದಿಕ್ಕಿಗೇ ಸಾಗಿ ಬಂದವು. ಅವು ತಲುಪುವವರೆಗೆ ಗಡ್ಡೆ ಮಂದವಾಗಿತ್ತು. ತಲುಪಿದ ಮೇಲೆ ಉಬ್ಬತೊಡಗಿತು. ಬಾವಿ ತೋಡಿದ ತೋಟದಲ್ಲಿ ಬೆಳೆ ಎದ್ದು ನಿಂತಂತೆ.

ಇದಕ್ಕೆ ಕಾರಣ ಸರಳ. ದೇಹದ ಯಾವುದೇ ಕೋಶ ಬದುಕಬೇಕಾದರೆ ಲೋಮನಾಳವೊಂದರಿಂದ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ದೂರದಲ್ಲಿಯೇ ಇರಬೇಕು. ಆಮ್ಲಜನಕ ಅದಕ್ಕಿಂತ ದೂರ ಹರಡಲಾರದು. ಗಡ್ಡೆಯ ಒಡಲಿನ ಕೋಶಗಳಿಗೆ ಉಸಿರು ಕಟ್ಟಿದಾಗ ಅವುಗಳೊಳಗಿನ ಒಂದು ಸಂವೇದಿ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಇದನ್ನು ಬಿಡಿಸಿ ತೋರಿಸಿದ ಮೂವರಿಗೆ, ಅಂದರೆ ಸೆಮೆಂಜಾ, ರ್‍ಯಾಟ್‌ಕ್ಲಿಫ್ ಮತ್ತು ಕೇಲಿನ್ ಅವರಿಗೆ, 2019ರ ನೊಬೆಲ್ ಪ್ರಶಸ್ತಿ ಬಂತು. ಎಚ್ಚರಗೊಂಡ ಕೋಶ ಹೊರಬಿಡುವ ದ್ರವ್ಯಗಳಲ್ಲಿ ಮುಖ್ಯವಾದದ್ದು ವಿ.ಇ.ಜಿ.ಎಫ್. ಎಂಬ ಪ್ರೋಟೀನು. ಅದನ್ನು 1983ರಲ್ಲಿ ಹೆರಾಲ್ಡ್ ಡ್ವೊರಾಕ್ ಅವರ ತಂಡ ನಾಳಗಳನ್ನು ಸೋರುವಂತೆ ಮಾಡುವ ದ್ರವ್ಯವೆಂದು ಗುರುತಿಸಿತ್ತು. 1989ರಲ್ಲಿ ನೆಪೋಲಿಯೋನ್ ಫೆರಾರಾ ಅದನ್ನೇ ನಾಳ ಬೆಳೆಸುವ ದ್ರವ್ಯವಾಗಿ ಬೇರ್ಪಡಿಸಿದರು.

ಹೀಗೆ ರಕ್ತ ಸಿಗದೆ ಸಣ್ಣದಾಗಿಯೇ ಉಳಿದ ಗಡ್ಡೆಗಳು ನಮ್ಮಲ್ಲಿ ಎಷ್ಟೋ ಜನರೊಳಗೆ ಇರಬಹುದು. ಬೇರೆ ಕಾರಣಗಳಿಂದ ತೀರಿಕೊಂಡ 40ರಿಂದ 50 ವಯಸ್ಸಿನ ಮಹಿಳೆಯರ ಶವಪರೀಕ್ಷೆಯಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಯ ಸ್ತನದಲ್ಲಿ ಅತಿಸೂಕ್ಷ್ಮ ಗಡ್ಡೆಗಳು ಕಂಡುಬಂದಿದ್ದವು. ಆದರೆ ಆ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುವುದು ಶೇಕಡಾ ಒಂದರಷ್ಟು ಮಹಿಳೆಯರಲ್ಲಿ ಮಾತ್ರ. ಫೋಕ್‌ಮನ್ ಮತ್ತು ರಘು ಕಲ್ಲೂರಿ 2004ರಲ್ಲಿ ಈ ಅಂಕಿಯನ್ನು ಮುಂದಿಟ್ಟು, ಇದು ರೋಗವಿಲ್ಲದ ಕ್ಯಾನ್ಸರ್ ಎಂದರು. ಹಾಗಾದರೆ ಕೋಶ ಕೆಡುವುದಷ್ಟೇ ರೋಗವಲ್ಲ. ಕೆಟ್ಟ ಕೋಶಕ್ಕೆ ನೆಲ, ನೀರು ಯಾರಿಂದ ಸಿಗುತ್ತದೆ ಎಂಬುದೂ ಅಷ್ಟೇ ಮುಖ್ಯ.

ಮಾಯದ ಗಾಯ

ಈಗ ಬಿಳಿಕಣಗಳ ಕಡೆಗೆ ಮರಳೋಣ. ಕೈಗೆ ಗಾಯವಾದಾಗ ನಡೆಯುವುದನ್ನು ನೋಡಿದರೆ ಗಡ್ಡೆಯ ರಹಸ್ಯ ಅರ್ಧ ತಿಳಿಯುತ್ತದೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಬಳಿಕ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಬಿಳಿಕಣಗಳು ಬರುತ್ತವೆ. ಎರಡು ಮೂರು ದಿನಗಳಲ್ಲಿ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕೋಶಗಳು ಅಲ್ಲಿ ಸೇರುತ್ತವೆ. ಇವು ಮೊದಲು ಕಸ ಗುಡಿಸುತ್ತವೆ. ಅನಂತರ ಸ್ವಭಾವ ಬದಲಿಸಿಕೊಂಡು ಮೇಸ್ತ್ರಿಯ ಕೆಲಸಕ್ಕೆ ನಿಲ್ಲುತ್ತವೆ. ನಾಳ ಬೆಳೆಸುವ ದ್ರವ್ಯವನ್ನು ಸುರಿಸುತ್ತವೆ, ಅಡ್ಡಿಯಾದ ನಾರುಗಳನ್ನು ಕರಗಿಸುವ ಕಿಣ್ವ ಬಿಡುತ್ತವೆ, ಉಳಿದ ರಕ್ಷಣಾ ಕೋಶಗಳಿಗೆ ‘ಇನ್ನು ಸಾಕು’ ಎಂಬ ಸಂಜ್ಞೆ ನೀಡುತ್ತವೆ. ಗಾಯದ ತಳದಲ್ಲಿ ಕಾಣುವ ಕೆಂಪು ಮಾಂಸಾಂಕುರಗಳು ಈ ಹೊಸ ನಾಳಗಳ ಗೊಂಚಲುಗಳೇ. ಶುದ್ಧ ವ್ರಣದ ಲಕ್ಷಣ ಹೇಳುವಾಗ, ಅರವತ್ತು ಬಗೆಯ ವ್ರಣೋಪಕ್ರಮಗಳನ್ನು ವಿವರಿಸುವಾಗ ಸುಶ್ರುತರು ಈ ಹಂತಗಳನ್ನು ಎಷ್ಟು ತಾಳ್ಮೆಯಿಂದ ನೋಡಿದ್ದರೆಂಬುದು ಶಸ್ತ್ರ ಚಿಕಿತ್ಸೆ ಬಲ್ಲವರಿಗೆ ಗೊತ್ತು. ಚರ್ಮ ಕೂಡಿಕೊಂಡ ಮೇಲೆ ಹೆಚ್ಚುವರಿ ನಾಳಗಳು ಒಣಗಿಹೋಗುತ್ತವೆ, ಭಕ್ಷಕ ಕೋಶಗಳು ಜಾಗ ಖಾಲಿ ಮಾಡುತ್ತವೆ, ಕೆಂಪು ಕಲೆ ಬಿಳಿಯಾಗುತ್ತದೆ.

ಅರ್ಬುದದಲ್ಲಿ ಇದೇ ಕೆಲಸ ಆರಂಭವಾಗುತ್ತದೆ, ಮುಗಿಯುವುದಿಲ್ಲ. ಡ್ವೊರಾಕ್ ಅವರು 1986ರಲ್ಲಿಯೇ ಗಡ್ಡೆಯನ್ನು ಮಾಯದ ಗಾಯವೆಂದು ಕರೆದರು. ಉಸಿರು ಕಟ್ಟಿದ ಜಾಗದಿಂದ ಬರುವ ಕರೆಯನ್ನು ಭಕ್ಷಕ ಕೋಶ ಗಾಯದ ಕರೆಯೆಂದೇ ಭಾವಿಸುತ್ತದೆ. ಬರುತ್ತದೆ, ಮೇಸ್ತ್ರಿಯ ವೇಷ ತೊಡುತ್ತದೆ, ನಾಳ ಕಟ್ಟುತ್ತದೆ. ಕೆಲವು ಸ್ತನದ ಗಡ್ಡೆಗಳಲ್ಲಿ ಒಟ್ಟು ರಾಶಿಯ ಅರ್ಧದವರೆಗೂ ಈ ಭಕ್ಷಕ ಕೋಶಗಳೇ ಇರುವುದುಂಟು. 2001ರಲ್ಲಿ ನ್ಯೂಯಾರ್ಕಿನಲ್ಲಿ ಜೆಫ್ರಿ ಪೊಲಾರ್ಡ್ ಅವರ ತಂಡ ಸ್ತನ ಕ್ಯಾನ್ಸರ್ ಬರುವಂಥ ತಳಿಯ ಇಲಿಗಳಲ್ಲಿ ಈ ಕೋಶಗಳನ್ನು ಬೆಳೆಸುವ ದ್ರವ್ಯವೊಂದು ಇಲ್ಲದಂತೆ ಮಾಡಿತು. ಗಡ್ಡೆ ಹುಟ್ಟುವುದೇನೂ ನಿಲ್ಲಲಿಲ್ಲ. ಆದರೆ ಅದು ಉಗ್ರವಾಗುವುದು ತಡವಾಯಿತು, ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆಯಾಯಿತು. ಅಂದರೆ ಕಾವಲಿನ ಒಂದು ದಳವನ್ನು ಕಡಿಮೆ ಮಾಡಿದಾಗ ಇಲಿಗೆ ಒಳ್ಳೆಯದಾಯಿತು! ಅದೇ ತಂಡ 2006ರಲ್ಲಿ, ಈ ಕೋಶಗಳಿಲ್ಲದಾಗ ಗಡ್ಡೆಯ ನಾಳಜಾಲ ಮೂಡುವುದೂ ತಡವಾಗುವುದನ್ನು ತೋರಿಸಿತು. ಫೋಕ್‌ಮನ್ ವಿರುದ್ಧ “ಇದು ಬರಿಯ ಉರಿಯೂತ” ಎಂದಿದ್ದವರ ಮಾತಿನಲ್ಲಿ ತಥ್ಯವಿತ್ತು. ‘ಬರಿಯ’ ಎಂಬ ಪದವಷ್ಟೇ ತಪ್ಪು.

ಎಲ್ಲ ರಕ್ಷಣಾ ಕೋಶಗಳೂ ಹೀಗೆ ಎಂದು ತಿಳಿಯಬಾರದು. ಟಿ-ಕೋಶಗಳೆಂಬ ಇನ್ನೊಂದು ದಳವಿದೆ. ಕೆಟ್ಟ ಕೋಶವನ್ನು ಗುರುತಿಸಿ ನೇರವಾಗಿ ಕೊಲ್ಲುವುದು ಅವುಗಳ ವೃತ್ತಿ. 2006ರಲ್ಲಿ ಪ್ಯಾರಿಸಿನ ಜೆರೋಮ್ ಗಾಲೊನ್ ಮತ್ತು ಸಂಗಡಿಗರು ದೊಡ್ಡ ಕರುಳಿನ ಗಡ್ಡೆಗಳನ್ನು ಪರೀಕ್ಷಿಸಿ, ಗಡ್ಡೆಯೊಳಗೆ ಟಿ-ಕೋಶಗಳು ಹೆಚ್ಚಾಗಿದ್ದ ರೋಗಿಗಳು ಹೆಚ್ಚು ಕಾಲ ಬದುಕಿದರೆಂದು ಕಂಡರು. ಆದುದರಿಂದ ನಿರೋಧಕ ಶಕ್ತಿ ಎಷ್ಟಿದೆ ಎಂಬುದಲ್ಲ ಪ್ರಶ್ನೆ. ಯಾವ ದಳ, ಯಾವ ಜಾಗದಲ್ಲಿ, ಯಾರ ಆಜ್ಞೆಯಂತೆ ನಡೆಯುತ್ತಿದೆ ಎಂಬುದು ಪ್ರಶ್ನೆ. ಬಾಟಲಿಯ ಮೇಲೆ ‘ಇಮ್ಯುನಿಟಿ ಬೂಸ್ಟರ್’ ಎಂದು ಅಚ್ಚು ಹಾಕಿದ ಕಷಾಯಕ್ಕೆ ಈ ಭೇದ ತಿಳಿಯದು.

ನಾಳಗಳೂ ಕಾವಲಿನ ಮೇಲೆ ತಮ್ಮ ಪ್ರಭಾವ ಬೀರುತ್ತವೆ. ಗಡ್ಡೆಯ ನಾಳಗಳು ನಮ್ಮ ಸಾಮಾನ್ಯ ನಾಳಗಳಂತೆ ಅಚ್ಚುಕಟ್ಟಾಗಿರುವುದಿಲ್ಲ. ಸೊಟ್ಟಪಟ್ಟ, ಸೋರುವ, ಎಲ್ಲೋ ಹೊರಟು ಎಲ್ಲೋ ಕೊನೆಗೊಳ್ಳುವ ನಾಳಗಳವು. ಸೋರಿದ ದ್ರವ ಒಳಗೆ ನಿಂತು ಒತ್ತಡ ಏರುತ್ತದೆ. ಆ ಒತ್ತಡದಿಂದ ಕೀಮೊಥೆರಪಿಯ ಮದ್ದು ಒಳಕ್ಕೆ ಇಳಿಯದು. ವಿ.ಇ.ಜಿ.ಎಫ್. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಟಿ-ಕೋಶಗಳು ನಾಳದ ಗೋಡೆಗೆ ಅಂಟಿ ಹೊರದಾಟಲು ಬೇಕಾದ ಹಿಡಿಕೆಗಳನ್ನು ಕಡಿಮೆ ಮಾಡುತ್ತದೆ. ಶತ್ರುವಿನ ಗುರುತನ್ನು ಟಿ-ಕೋಶಗಳಿಗೆ ತೋರಿಸಿಕೊಡುವ ಕೋಶಗಳು ಬಲಿಯದಂತೆ ತಡೆಯುತ್ತದೆ. ಗಡ್ಡೆಗೆ ಊಟ ತರುವ ದಾರಿಯೇ ಕೊಲ್ಲಬಲ್ಲ ಸೈನಿಕರಿಗೆ ಮುಚ್ಚಿದ ಬಾಗಿಲಾಗುತ್ತದೆ. ಈ ಕೆಟ್ಟ ನಾಳಗಳನ್ನು ಪೂರ್ತಿ ನಾಶಮಾಡುವ ಬದಲು ಒಂದಿಷ್ಟು ಸರಿಪಡಿಸಿದರೆ ಮದ್ದೂ ಟಿ-ಕೋಶಗಳೂ ಒಳಗೆ ತಲುಪುತ್ತವೆ ಎಂಬ ವಿಚಾರವನ್ನು 2001ರಲ್ಲಿ ಮಂಡಿಸಿದವರು ಭಾರತದಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ರಾಕೇಶ್ ಜೈನ್. ವೈದ್ಯರಲ್ಲ ಅವರು, ಕೊಳವೆಯಲ್ಲಿ ದ್ರವ ಹರಿಯುವ ಲೆಕ್ಕ ಬಲ್ಲವರು. ಆ ಲೆಕ್ಕವೇ ಇಲ್ಲಿ ಕೆಲಸಕ್ಕೆ ಬಂತು. 2016ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ದೊರೆಯಿತು.

ಇಲ್ಲಿ ನಮ್ಮ ಊರಿನ ಒಂದು ಮಾತು. ಪ್ರತಿದಿನ ಬಾಯಿಯ ಒಂದೇ ಮೂಲೆಯಲ್ಲಿ ಗುಟ್ಕಾ, ಕಡ್ಡಿಪುಡಿ, ತಂಬಾಕು ಸೇರಿಸಿದ ಎಲೆ-ಅಡಿಕೆಯನ್ನು ಇಟ್ಟುಕೊಳ್ಳುವವರು ಅಲ್ಲಿ ದಿನವೂ ಒಂದು ಸಣ್ಣ ಗಾಯವನ್ನು ಹೊಸದಾಗಿ ಮಾಡುತ್ತಿದ್ದಾರೆ. ತಂಬಾಕಿನ ವಿಷ ಕೋಶವನ್ನು ಕೆಡಿಸುತ್ತದೆ; ಕೆರಳಿದ ಗಾಯ ಭಕ್ಷಕ ಕೋಶಗಳನ್ನೂ ನಾಳಗಳನ್ನೂ ದಿನದಿನವೂ ಕರೆಯುತ್ತದೆ. ನೆಲವೂ ಸಿದ್ಧ, ನೀರೂ ಸಿದ್ಧ. ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಾಯಿ ಅಗಲವಾಗಿ ತೆರೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ದಂತವೈದ್ಯರಿಗೆ ತೋರಿಸಬೇಕು. ಹೆಪಟೈಟಿಸ್-ಬಿ ವೈರಸ್ಸು ಯಕೃತ್ತಿನಲ್ಲಿ ವರ್ಷಗಟ್ಟಲೆ ಉಳಿದಾಗ ಆಗುವುದೂ ಬಹುಮಟ್ಟಿಗೆ ಇದೇ ಕಥೆ. ಅದಕ್ಕೆ ಶಿಶುವಿಗೆ ಹುಟ್ಟಿದ ದಿನವೇ ಲಸಿಕೆ ಹಾಕಿಸುವ ವ್ಯವಸ್ಥೆ ಸರ್ಕಾರಿ ಆಸ್ಪತ್ರೆಗಳಲ್ಲಿದೆ.

ಔಷಧಗಳು ಬಂದ ಮೇಲೆ

ಫೋಕ್‌ಮನ್ ಲೇಖನ ಬಂದ 33 ವರ್ಷಗಳ ಮೇಲೆ, 2004ರ ಫೆಬ್ರವರಿಯಲ್ಲಿ, ವಿ.ಇ.ಜಿ.ಎಫ್. ಅನ್ನು ಹಿಡಿದುಹಾಕುವ ಬೆವಾಸಿಝುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿನ 813 ರೋಗಿಗಳ ಅಧ್ಯಯನದಲ್ಲಿ, ಕೀಮೊಥೆರಪಿ ಮಾತ್ರ ಪಡೆದವರ ಮಧ್ಯಾಂಕ ಬದುಕು 15.6 ತಿಂಗಳಾಗಿದ್ದರೆ, ಈ ಔಷಧವನ್ನೂ ಸೇರಿಸಿದಾಗ 20.3 ತಿಂಗಳಾಯಿತು. ಹಸಿವಿನಿಂದ ಗಡ್ಡೆ ಸತ್ತೇಹೋಗುತ್ತದೆ ಎಂದು ಕನಸು ಕಂಡವರಿಗೆ ಈ ಐದು ತಿಂಗಳಿಗೂ ಕಡಿಮೆಯ ಲಾಭ ನಿರಾಶೆ ತಂದಿತು. ರೋಗಿಯ ಮನೆಯವರಿಗೆ ಐದು ತಿಂಗಳೆಂದರೆ ಏನೆಂಬುದು ಬೇರೆ ಮಾತು. ಸ್ತನ ಕ್ಯಾನ್ಸರಿಗೆ ಕೊಟ್ಟಿದ್ದ ಅನುಮತಿಯನ್ನು ಆಯುಸ್ಸು ಹೆಚ್ಚುತ್ತಿಲ್ಲವೆಂಬ ಕಾರಣದಿಂದ 2011ರಲ್ಲಿ ಅಲ್ಲಿ ಹಿಂತೆಗೆದುಕೊಂಡರು. ಒಂದು ದ್ರವ್ಯವನ್ನು ತಡೆದರೆ ಗಡ್ಡೆ ಇನ್ನೊಂದರಿಂದ ನಾಳ ಕರೆಯುತ್ತದೆ, ಭಕ್ಷಕ ಕೋಶಗಳಿಂದ ಬೇರೆ ಸಹಾಯ ಪಡೆಯುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂದವಾದ ನಮ್ಮ ಹಿರಿಯರಿಗೆ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು ಅನೇಕ ಕಡೆ ಇದೇ ಔಷಧ. ಅಲ್ಲಿಯೂ ಸೋರುವ ನಾಳಗಳದ್ದೇ ತೊಂದರೆ. ಫೋಕ್‌ಮನ್ 2008ರ ಜನವರಿಯಲ್ಲಿ, ಒಂದು ಸಮ್ಮೇಳನಕ್ಕೆ ಹೋಗುತ್ತಿದ್ದಾಗ ವಿಮಾನ ನಿಲ್ದಾಣದಲ್ಲಿಯೇ ತೀರಿಕೊಂಡರು.

ಇನ್ನೊಂದು ಕಡೆಯಿಂದ ಟಿ-ಕೋಶಗಳ ಕೆಲಸ ನಡೆಯುತ್ತಿತ್ತು. ಈ ಕೋಶಗಳಿಗೆ ಹಾಕಿದ ಲಗಾಮುಗಳನ್ನು ಕಂಡುಹಿಡಿದು, ಲಗಾಮು ಸಡಿಲಿಸಿದರೆ ಅವು ಗಡ್ಡೆಯ ಮೇಲೆ ಬೀಳುತ್ತವೆಂದು ತೋರಿಸಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಇದೇ ಇಂದು ಇಮ್ಯುನೊಥೆರಪಿ ಎಂದು ಹೆಸರಾದ ಚಿಕಿತ್ಸೆಯ ಮುಖ್ಯ ಬಗೆ. ಗಮನಿಸಿ, ಇಲ್ಲಿಯೂ ನಿರೋಧಕ ಶಕ್ತಿಯನ್ನು ಒಟ್ಟಾಗಿ ‘ಹೆಚ್ಚಿಸುವುದಿಲ್ಲ’. ಒಂದು ದಳದ ಒಂದು ಲಗಾಮನ್ನು ಮಾತ್ರ ಬಿಡಿಸುತ್ತಾರೆ. ಎರಡೂ ದಾರಿಗಳು ಯಕೃತ್ತಿನ ಕ್ಯಾನ್ಸರಿನಲ್ಲಿ ಕೂಡಿದವು. 2020ರಲ್ಲಿ ಪ್ರಕಟವಾದ 501 ರೋಗಿಗಳ ಅಧ್ಯಯನದಲ್ಲಿ, ಲಗಾಮು ಬಿಡಿಸುವ ಅಟೆಝೋಲಿಝುಮಾಬ್ ಮತ್ತು ನಾಳ ತಡೆಯುವ ಬೆವಾಸಿಝುಮಾಬ್ ಎರಡನ್ನೂ ಪಡೆದವರಲ್ಲಿ ಒಂದು ವರ್ಷದ ಬಳಿಕ ಶೇ. 67.2ರಷ್ಟು ಮಂದಿ ಬದುಕಿದ್ದರು. ಹಳೆಯ ಔಷಧ ಪಡೆದವರಲ್ಲಿ ಶೇ. 54.6. ಬೆಲೆ ಮಾತ್ರ ನಮ್ಮ ಬಹುಪಾಲು ಕುಟುಂಬಗಳ ಕೈಗೆಟುಕುವಂಥದ್ದಲ್ಲ. ಆದರೆ ಬೇಗ ಪತ್ತೆಯಾದ ಗಡ್ಡೆಗೆ ಬಹಳಷ್ಟು ಸಲ ಇವು ಬೇಕಾಗುವುದೇ ಇಲ್ಲ. ಶಸ್ತ್ರಚಿಕಿತ್ಸೆ, ವಿಕಿರಣ, ಸಾಮಾನ್ಯ ಕೀಮೊಥೆರಪಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗಳಲ್ಲಿ ಬಡವರಿಗೂ ಸಿಗುತ್ತವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿದೆ.

ಬೇಗ ಪತ್ತೆಯಾಗಬೇಕಾದರೆ ಪರೀಕ್ಷೆ ಆಗಬೇಕು, ಅಲ್ಲಿಯೇ ಜನ ಹಿಂಜರಿಯುತ್ತಾರೆ. “ಗಡ್ಡೆಗೆ ಕಬ್ಬಿಣ ತಾಗಿಸಬಾರದು, ಸೂಜಿ ಹಾಕಿದರೆ ಹರಡುತ್ತದೆ” ಎಂಬ ಮಾತು ವಿದ್ಯಾವಂತರ ಮನೆಗಳಲ್ಲೂ ಇದೆ. ಸೂಜಿಯ ದಾರಿಯಲ್ಲಿ ರೋಗ ಹರಡುವುದು ತೀರ ಅಪರೂಪ. ಗಡ್ಡೆ ಹರಡುವುದು ಅದು ತಾನೇ ಕರೆಸಿಕೊಂಡ ಸೋರುವ ನಾಳಗಳ ಮೂಲಕ. ಆ ನಾಳದ ಬಾಯಿಗೆ ಕ್ಯಾನ್ಸರ್ ಕೋಶವನ್ನು ಕೈಹಿಡಿದು ನಡೆಸುವುದು ಅದೇ ಭಕ್ಷಕ ಕೋಶ ಎಂಬುದನ್ನು ಇಲಿಗಳಲ್ಲಿ ಸೂಕ್ಷ್ಮದರ್ಶಕದಡಿ ಕಣ್ಣಾರೆ ನೋಡಿದ್ದಾರೆ. ಸೂಜಿಗೆ ಹೆದರಿ ಕಾಯ್ದ ಪ್ರತಿ ತಿಂಗಳೂ ಆ ದಾರಿಗಳು ಹೆಚ್ಚುತ್ತವೆ. ಶಸ್ತ್ರದ ವಿಷಯದಲ್ಲಿ ಸುಶ್ರುತರಿಗೆ ಇಂಥ ಅಂಜಿಕೆ ಇರಲಿಲ್ಲ. ಅರ್ಬುದವನ್ನು ಒಂದಿಷ್ಟೂ ಉಳಿಯದಂತೆ ತೆಗೆಯಬೇಕು, ಉಳಿದ ಕಿಡಿಯಿಂದ ಬೆಂಕಿ ಏಳುವಂತೆ ಉಳಿದ ಅಂಶದಿಂದ ಅದು ಮತ್ತೆ ಬೆಳೆಯುತ್ತದೆ ಎಂಬುದು ಚಿಕಿತ್ಸಾಸ್ಥಾನದ ಅಭಿಪ್ರಾಯ.

ಹಾಗಾದರೆ ಆಯುರ್ವೇದಕ್ಕೆ ಕೆಲಸವಿಲ್ಲವೇ ಎಂದು ಕೇಳಬಹುದು. ಇದೆ. ಹಸಿವು ಹುಟ್ಟಿಸುವುದು, ಮಲಬದ್ಧತೆ ನೀಗುವುದು, ವಿಕಿರಣದ ಬಳಿಕ ಬಾಯಿಹುಣ್ಣಿಗೆ ಉಪಶಮನ, ನಿದ್ರೆ, ಚಿಕಿತ್ಸೆ ಮುಗಿದ ಮೇಲೆ ದೇಹಬಲದ ಪುನಃಸ್ಥಾಪನೆ, ಇವೆಲ್ಲದರಲ್ಲಿ ನಾವು ನೆರವಾಗಬಲ್ಲೆವು, ಕ್ಯಾನ್ಸರ್ ತಜ್ಞರಿಗೆ ತಿಳಿಸಿ. ಗಡ್ಡೆ ಕರಗಿಸುತ್ತೇನೆಂದು ನಾನು ಹೇಳುವುದಿಲ್ಲ. ಹೇಳುವವರನ್ನು ನಂಬಬೇಡಿ ಎಂದಂತೂ ಹೇಳುತ್ತೇನೆ. ಅರಿಶಿನದ ಸಾರ ಪ್ರಯೋಗಶಾಲೆಯ ತಟ್ಟೆಯಲ್ಲಿ ವಿ.ಇ.ಜಿ.ಎಫ್. ಅನ್ನು ತಗ್ಗಿಸುತ್ತದೆ, ನಿಜ. ಆದರೆ ನಾವು ತಿಂದ ಅರಿಶಿನದಲ್ಲಿ ರಕ್ತಕ್ಕೆ ಸೇರುವ ಪಾಲು ಬಹಳ ಅಲ್ಪ. ಸಾರಿಗೆ ಹಾಕಿಕೊಳ್ಳಿ, ಚಿಕಿತ್ಸೆಯೆಂದು ಎಣಿಸಬೇಡಿ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು; ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಇಮ್ಯುನೊಥೆರಪಿ ಪಡೆಯುವವರಿಗೆ ಇದು ಸಣ್ಣ ವಿಷಯವಲ್ಲ. ಲಗಾಮು ಬಿಟ್ಟ ಟಿ-ಕೋಶಗಳು ಕೆಲವೊಮ್ಮೆ ರೋಗಿಯ ಕರುಳು, ಶ್ವಾಸಕೋಶ, ಥೈರಾಯ್ಡ್, ಯಕೃತ್ತಿನ ಮೇಲೆಯೇ ಎರಗುತ್ತವೆ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿ ಏರಿದಾಗ ಅದು ಔಷಧದಿಂದಲೋ ಮನೆಯ ಕಷಾಯದಿಂದಲೋ ತಿಳಿಯದಿದ್ದರೆ ಜೀವ ಉಳಿಸುವ ಔಷಧವನ್ನೇ ನಿಲ್ಲಿಸಬೇಕಾಗಿ ಬರುತ್ತದೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದೂ ಹೊಸ ಸಂಗತಿಯಲ್ಲ. ಸ್ಟೀರಾಯ್ಡ್ ಟಿ-ಕೋಶಗಳನ್ನು ಮಲಗಿಸುತ್ತದೆ.

ಬೆವಾಸಿಝುಮಾಬ್ ಪಡೆಯುವವರು ಇನ್ನೂ ಒಂದನ್ನು ತಿಳಿದಿರಬೇಕು. ನಾಳ ಬೆಳೆಯುವುದನ್ನು ತಡೆಯುವ ಔಷಧ ಗಾಯ ಮಾಯುವುದನ್ನೂ ತಡೆಯುತ್ತದೆ, ಏಕೆಂದರೆ ಕೆಲಸಗಾರರು ಅವರೇ. ಆದುದರಿಂದ ದೊಡ್ಡ ಶಸ್ತ್ರಚಿಕಿತ್ಸೆಗೂ ಈ ಔಷಧಕ್ಕೂ ನಡುವೆ ಕನಿಷ್ಠ 28 ದಿನಗಳ ಅಂತರ ಇಡುತ್ತಾರೆ. ಹಲ್ಲು ಕೀಳಿಸುವುದಿದ್ದರೂ, ಕ್ಷಾರಸೂತ್ರ ಹಾಕಿಸಿಕೊಳ್ಳುವುದಿದ್ದರೂ ಮೊದಲು ತಜ್ಞರನ್ನು ಕೇಳಬೇಕು. ರಕ್ತದೊತ್ತಡ ಏರುವುದುಂಟು, ಮನೆಯಲ್ಲಿಯೇ ಅಳೆದು ಬರೆದಿಡಬೇಕು. ಹೊಟ್ಟೆಯಲ್ಲಿ ಹಠಾತ್ತಾಗಿ ತೀವ್ರ ನೋವು ಬಂದರೆ ಕರುಳಿನಲ್ಲಿ ರಂಧ್ರವಾಗಿರಬಹುದು. ಜೀರಿಗೆ ಕಷಾಯ ಕುಡಿಸುತ್ತ ಬೆಳಗಿನವರೆಗೆ ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು. ಹೊರಡುವಾಗ ಆಸ್ಪತ್ರೆಯ ಕಡತದೊಂದಿಗೆ ಮನೆಯಲ್ಲಿ ಕುಡಿಯುತ್ತಿದ್ದ ಕಷಾಯದ ಬಾಟಲಿಯನ್ನೂ ಪುಡಿಯ ಪೊಟ್ಟಣವನ್ನೂ ಅದೇ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಅಲ್ಲಿನ ವೈದ್ಯರಿಗೆ ತೋರಿಸಿ.